ಅಂಗಿಗೆ ಅಳತೆ, ಟಾಪಿಗೆ ಅಕ್ಷರ

ಗಂಡಸರು ಹತ್ತು ನಿಮಿಷದಲ್ಲಿ ಬಟ್ಟೆ ಕೊಂಡು ಹೊರಬೀಳುತ್ತಾರೆ, ಹೆಂಗಸರಿಗೆ ಅರ್ಧ ದಿನ ಬೇಕು ಅನ್ನುವ ಮಾತು ಹಳತು. ಕೊರಳಲ್ಲಿ ಟೇಪು ಹಾಕಿಕೊಂಡೇ ಸಿದ್ಧ ಉಡುಪಿನ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ, ಈ ವ್ಯತ್ಯಾಸ ಸ್ವಭಾವದ್ದಕ್ಕಿಂತ ಹೆಚ್ಚಾಗಿ ಲೇಬಲ್ಲಿನದು ಅನ್ನಿಸುತ್ತದೆ.

ಗಂಡಸರ ಪ್ಯಾಂಟಿನ ಮೇಲೆ 34/32 ಎಂದಿದ್ದರೆ ಸೊಂಟ 34 ಇಂಚು, ಒಳಗಾಲಿನ ಉದ್ದ 32 ಇಂಚು. ಶರ್ಟಿನ ಮೇಲೆ 40 ಎಂದಿದ್ದರೆ ಅದು ಒಂದೋ ಎದೆಯ ಇಂಚು, ಇಲ್ಲವೇ ಕತ್ತಿನ ಸೆಂಟಿಮೀಟರು. ಏನೇ ಆದರೂ ಮೈಯ ಒಂದು ಅಳತೆ. ಹೆಂಗಸರ ಟಾಪಿನ ಮೇಲಿರುವ 'ಎಂ' ಅಥವಾ 12 ಯಾರ ಮೈಯ ಯಾವ ಅಳತೆಯೂ ಅಲ್ಲ. ಇದನ್ನು ಸರಿಪಡಿಸುವ ಪ್ರಯತ್ನ ನಡೆಯದೇ ಇಲ್ಲ. ಅಮೆರಿಕದಲ್ಲಿ 1939-40ರಲ್ಲಿ ಸುಮಾರು 15,000 ಹೆಂಗಸರ ಮೈ ಅಳೆದರು, 1958ರಲ್ಲಿ ಸೈಜುಗಳಿಗೆ ಒಂದು ಮಾನಕವನ್ನೂ ತಂದರು. ಪಾಲಿಸಲೇಬೇಕೆಂಬ ಕಡ್ಡಾಯವಿರಲಿಲ್ಲ, 1983ರಲ್ಲಿ ಅದನ್ನು ಕೈಬಿಟ್ಟರು. ಈಗ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಎರಡು ಕಂಪನಿಗಳ 'ಎಂ' ಟಾಪನ್ನು ಒಂದರ ಮೇಲೊಂದು ಹರಡಿದರೆ ಎದೆಸುತ್ತಿನಲ್ಲಿ 2 ಇಂಚು ಆಚೀಚೆ ಆಗಿರುತ್ತದೆ. ಹಾಕಿ ನೋಡದೆ ಕೊಳ್ಳುವುದಾದರೂ ಹೇಗೆ?

ಹಾಗಂತ ಗಂಡಸರ ನಂಬರೇನೂ ಹರಿಶ್ಚಂದ್ರನ ಮಾತಲ್ಲ. 34 ಎಂದು ಬರೆದ ಪ್ಯಾಂಟಿಗೆ ಟೇಪು ಇಟ್ಟರೆ 35, 36 ಬರುವುದು ಮಾಮೂಲು. ಗಿರಾಕಿಗೆ ತಾನು ದಪ್ಪಗಾಗಿಲ್ಲ ಅನ್ನಿಸಬೇಕಲ್ಲ! ಇನ್ನೊಂದು ಮೋಸ ನಮ್ಮದೇ. ಹೊಟ್ಟೆ ಬಂದ ಹಾಗೆ ಪ್ಯಾಂಟು ಅದರ ಕೆಳಗೆ ಜಾರುತ್ತದೆ, ನಂಬರು ಮಾತ್ರ ಹತ್ತು ವರ್ಷ ಹಿಂದಿನದೇ ಉಳಿಯುತ್ತದೆ. ಆಗ ಸೀಟು, ಅಂದರೆ ಕೂರುವ ಭಾಗ, ಜೋಲುತ್ತದೆ, ಪಾದದ ಮೇಲೆ ಬಟ್ಟೆ ಮಡಿಕೆ ಬೀಳುತ್ತದೆ, ದೂರು ಉದ್ದದ ಮೇಲೆ ಬರುತ್ತದೆ. ಶರ್ಟಿನಲ್ಲೂ ಅಷ್ಟೆ. ಹೊಟ್ಟೆಯ ಗುಂಡಿ ಹಾಕಲು ಬರಲಿ ಎಂದು ಎರಡು ಸೈಜು ದೊಡ್ಡದು ತೆಗೆದುಕೊಂಡರೆ ಭುಜದ ಹೊಲಿಗೆ ಮೂಳೆಯ ತುದಿ ದಾಟಿ ತೋಳಿನ ಮೇಲೆ ಇಳಿಯುತ್ತದೆ. ಭುಜ ಬಿಚ್ಚಿ ಹೊಲಿಯುವುದು ಹೊಸ ಶರ್ಟು ಹೊಲಿದಷ್ಟೇ ಕೆಲಸ. ಭುಜ ಸರಿ ಕೂರದ ಬಟ್ಟೆಯನ್ನು ನಾನು ಯಾರಿಗೂ ಪ್ಯಾಕ್ ಮಾಡಿಸುವುದಿಲ್ಲ.

ಹೆಂಗಸರಿಗೆ ಟ್ರಯಲ್ ರೂಮಿಗೆ ಹೋಗುವಾಗಲೇ ಒಂದೇ ಬಣ್ಣದ ಎರಡು ಸೈಜು ಕೈಗೆ ಕೊಡುತ್ತೇನೆ, ಮತ್ತೆ ಮತ್ತೆ ಹೊರಬರುವುದು ತಪ್ಪುತ್ತದೆ. ಜೀನ್ಸಿನಲ್ಲಿ ಮುಖ್ಯ ತೊಂದರೆ ಸೊಂಟದ ಸುತ್ತಿಗೂ ಸೀಟಿನ ಸುತ್ತಿಗೂ ಇರುವ ಅಂತರ. ಆ ಅಂತರ ಕಂಪನಿಯ ಲೆಕ್ಕಕ್ಕಿಂತ ಹೆಚ್ಚಿದ್ದರೆ ಸೀಟು ಸರಿಯಾದ ಪ್ಯಾಂಟು ಬೆನ್ನ ಹಿಂದೆ ಬಾಯಿ ಬಿಡುತ್ತದೆ. ಸೊಂಟಕ್ಕೆ ಹೊಂದುವ ಚಿಕ್ಕ ಸೈಜಿಗೆ ಆಸೆಪಡಬಾರದು. ಸೀಟು, ತೊಡೆಗೆ ಸರಿಹೋಗುವುದನ್ನೇ ಕೊಂಡು ಸೊಂಟವನ್ನು ಹಿಂಬದಿಯಲ್ಲಿ ಒಳಗೆ ಹಿಡಿಸಬೇಕು. ಗುಂಡಿಯ ಶರ್ಟಿನಲ್ಲಿ ಎದೆಯ ಹತ್ತಿರ ಎರಡು ಗುಂಡಿಗಳ ನಡುವೆ ಸಂದು ಬಿಟ್ಟರೂ ಇದೇ ಉಪಾಯ: ಎದೆಗೆ ಸರಿಯಾದದ್ದು ಕೊಂಡು ಪಕ್ಕದ ಹೊಲಿಗೆ ಬಿಗಿ ಮಾಡಿಸುವುದು.

ಬಿಗಿ ಮಾಡಿಸುವುದು ಸುಲಭ, ಬಿಡಿಸುವುದು ಅಲ್ಲ. ಇಲ್ಲಿ ಹೆಂಗಸರಿಗೆ ನಿಜಕ್ಕೂ ಅನ್ಯಾಯವಾಗುತ್ತದೆ. ಗಂಡಸರ ಫಾರ್ಮಲ್ ಪ್ಯಾಂಟನ್ನು ತಿರುವಿ ಹಿಂಬದಿಯ ನಡು ಹೊಲಿಗೆ ನೋಡಿ: ಸೊಂಟಪಟ್ಟಿಯ ಹತ್ತಿರ ಎರಡೂ ಕಡೆ ಬಟ್ಟೆ ಧಾರಾಳವಾಗಿ ಬಿಟ್ಟಿರುತ್ತಾರೆ. ಒಂದು, ಒಂದೂವರೆ ಇಂಚು ಲೂಸ್ ಮಾಡಬಹುದು. ಹೆಂಗಸರ ಹೆಚ್ಚಿನ ಪ್ಯಾಂಟುಗಳಲ್ಲಿ ಅದೇ ಜಾಗದಲ್ಲಿ ಅರ್ಧ ಇಂಚೂ ಇರದು, ಎಳೆ ಬಿಚ್ಚದಂತೆ ಅಂಚಿಗೆ ಓವರ್‌ಲಾಕ್ ಹೊಡೆದು ಕತ್ತರಿಸಿರುತ್ತಾರೆ. ಗಂಡಸಿನ ಅವಸರದ ತಪ್ಪು ದರ್ಜಿಯ ಹತ್ತಿರ ಸರಿಹೋಗುತ್ತದೆ. ಹೆಂಗಸು ಅಷ್ಟು ಹೊತ್ತು ಕನ್ನಡಿ ಮುಂದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ನಿಂತರಷ್ಟೇ ಸಾಲದು ಅನ್ನುವುದು ಬೇರೆ ಮಾತು. ಕೈ ಮುಂದೆ ಚಾಚಬೇಕು: ಬೆನ್ನು ಎಳೆದರೆ ಶರ್ಟು ಚಿಕ್ಕದು. ಎರಡೂ ಕೈ ಮೇಲೆತ್ತಬೇಕು. ಸ್ಟೂಲಿನ ಮೇಲೆ ಕೂರಬೇಕು, ಪ್ಯಾಂಟಿನ ಪರೀಕ್ಷೆ ಆಗುವುದು ಅಲ್ಲೇ. ಈ ಮೂರನ್ನೂ ಮಾಡುವವರು ಎರಡು ಕಡೆಯಲ್ಲೂ ಕಡಿಮೆ.

ಇಬ್ಬರಿಗೂ ನಾನು ಹೇಳುವ ಕ್ರಮ ಒಂದೇ. ಮನೆಯಲ್ಲಿ ಚೆನ್ನಾಗಿ ಹೊಂದುವ ಒಂದು ಶರ್ಟು ಅಥವಾ ಟಾಪು, ಒಂದು ಪ್ಯಾಂಟು ಆರಿಸಿ, ಎಳೆಯದೆ ಮೇಜಿನ ಮೇಲೆ ಹರಡಿ. ಮೇಲಿನದರಲ್ಲಿ ಭುಜದ ಹೊಲಿಗೆಯಿಂದ ಹೊಲಿಗೆಗೆ, ಕಂಕುಳಿಂದ ಕಂಕುಳಿಗೆ, ಉದ್ದ. ಪ್ಯಾಂಟಿನಲ್ಲಿ ಸೊಂಟ, ಜಿಪ್ಪಿನ ಬುಡದ ಮಟ್ಟದಲ್ಲಿ ಸೀಟು, ತೊಡೆ, ಒಳಗಾಲು. ಸೊಂಟ ಅಳೆಯುವಾಗ ಮುಂದಿನ ಪಟ್ಟಿಯ ಅಂಚನ್ನು ಹಿಂದಿನದರ ಸಮಕ್ಕೆ ಎತ್ತಿ ಜೋಡಿಸಬೇಕು. ಮರೆತರೆ ಲೆಕ್ಕ ತಪ್ಪುತ್ತದೆ. ಭುಜ ಬಿಟ್ಟು ಉಳಿದ ಅಗಲಗಳನ್ನೆಲ್ಲ ಎರಡರಿಂದ ಗುಣಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಎದೆ 38 ಇರುವವರಿಗೆ ಮಾಮೂಲಿ ಶರ್ಟಿನ ಸುತ್ತು 42, 43 ಇರಬೇಕು. ಸ್ಲಿಮ್ ಆದರೆ 41 ಸಾಕು. ಹಿಗ್ಗುವ ಬಟ್ಟೆಗೆ ಈ ಲೆಕ್ಕ ನಡೆಯುವುದಿಲ್ಲ.

ಆನ್‌ಲೈನಿನಲ್ಲಿ ಕೊಳ್ಳುವಾಗ ಈ ಪಟ್ಟಿ ಇನ್ನೂ ಬೇಕು. ಸೈಜ್ ಚಾರ್ಟಿನಲ್ಲಿ ಮೊದಲು ನೋಡಬೇಕಾದದ್ದು ಅಂಕಿಯನ್ನಲ್ಲ, ಅದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಅನ್ನುವುದನ್ನು. ಮೈಯ ಅಳತೆ ಎಂದಿದ್ದರೆ ನಿಮ್ಮ 42ನ್ನು ಪಕ್ಕಕ್ಕಿಟ್ಟು 38ರ ಸಾಲು ಹುಡುಕಿ. ವಾಪಸು ಬರುವ ಪಾರ್ಸೆಲ್ಲುಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಇದೇ, ಮತ್ತು ಇದರಲ್ಲಿ ಗಂಡು ಹೆಣ್ಣಿನ ಭೇದ ಕಾಣೆ.