ಅಸಿಟೋನ್ ಸುರಿದ ಆ ಎರಡು ಸೆಕೆಂಡು

ಲ್ಯಾಬಿಗೆ ಸೇರಿದ ಮೊದಲ ತಿಂಗಳೇ ನಾನೊಂದು ಎಡವಟ್ಟು ಮಾಡಿದೆ. ಕೀವಿನ ಸ್ಯಾಂಪಲ್ ಒಂದಕ್ಕೆ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾವನ್ನು ನೇರಳೆ ಕಂಡರೆ ಪಾಸಿಟಿವ್, ಗುಲಾಬಿ ಕಂಡರೆ ನೆಗೆಟಿವ್ ಅಂತ ವಿಂಗಡಿಸುವ ಬಣ್ಣದ ಪರೀಕ್ಷೆ) ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, 'ಗುಲಾಬಿ ಬಣ್ಣದ ಗುಂಡುಗಳು, ಗ್ರಾಂ ನೆಗೆಟಿವ್' ಅಂತ ಬರೆದುಬಿಟ್ಟೆ. ರಿಪೋರ್ಟ್ ಹೊರಗೆ ಹೋಗುವ ಮೊದಲು ಸೀನಿಯರ್ ಮೇಡಂ ಸ್ಲೈಡ್ ಮೇಲೆ ಕಣ್ಣಾಡಿಸಿದರು.

"ದ್ರಾಕ್ಷಿ ಗೊಂಚಲಿನ ಹಾಗೆ ಕೂತಿರೋದು ಸ್ಟ್ಯಾಫಿಲೋಕಾಕಸ್ ಅಲ್ವೇನಮ್ಮಾ? ಅದು ನೇರಳೆ ಇರಬೇಕು. ಅಸಿಟೋನ್ ಎಷ್ಟು ಹೊತ್ತು ಬಿಟ್ಟಿದ್ದೆ?"

ಬಣ್ಣ ತೊಳೆಯುವ ಅಸಿಟೋನ್ ಸ್ಲೈಡ್ ಮೇಲಿದ್ದಾಗ ಯಾರೋ ಕರೆದರು ಅಂತ ತಿರುಗಿ ಮಾತಾಡಿದ್ದೆ. ಅಷ್ಟೇ ಹೊತ್ತು.

ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಈ ವಿಧಾನವನ್ನು 1884ರಲ್ಲಿ ಪ್ರಕಟಿಸಿದಾಗ, ಬ್ಯಾಕ್ಟೀರಿಯಾದ ಗೋಡೆ ಹೇಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಲಿ ಅನ್ನೋದಷ್ಟೇ ಅವರ ಉದ್ದೇಶ. ಕಾರಣ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ನಾನು ಮಲೆನಾಡಿನವಳು, ಹಾಗಾಗಿ ಅದನ್ನು ಹೀಗೆ ನೆನಪಿಟ್ಟುಕೊಂಡೆ. ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾ ದಪ್ಪ ಕಂಬಳಿ ಹೊದ್ದಿರುತ್ತದೆ. ಗ್ರಾಂ ನೆಗೆಟಿವ್ ತೆಳು ಪಂಚೆ ಸುತ್ತಿಕೊಂಡು ಮೇಲೊಂದು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡಿರುತ್ತದೆ. ಕಂಬಳಿಯ ನೂಲೂ ಪಂಚೆಯ ನೂಲೂ ಒಂದೇ, ಪೆಪ್ಟಿಡೋಗ್ಲೈಕಾನ್. ಎರಡು ಬಗೆಯ ಸಕ್ಕರೆ ಒಂದಾದ ಮೇಲೊಂದು ಸೇರಿ ಉದ್ದ ಎಳೆಗಳಾಗುತ್ತವೆ. ಆ ಎಳೆಗಳನ್ನು ಅಮೈನೋ ಆಮ್ಲಗಳ ಚಿಕ್ಕ ಸರಗಳು ಅಡ್ಡಡ್ಡ ಹೆಣೆಯುತ್ತವೆ. ಪೆನಿಸಿಲಿನ್ ತಡೆಯೋದು ಈ ಅಡ್ಡ ಹೆಣಿಗೆಯನ್ನೇ. ಕಂಬಳಿಯ ದಪ್ಪ ಸುಮಾರು 20ರಿಂದ 80 ನ್ಯಾನೋಮೀಟರ್, ಅದರ ತುಂಬ ಟೈಕೋಯಿಕ್ ಆಮ್ಲದ ಎಳೆಗಳು. ಪಂಚೆ 10 ನ್ಯಾನೋಮೀಟರ್ ಕೂಡ ಇರುವುದಿಲ್ಲ. ಕೊಪ್ಪೆ ಮಾತ್ರ ಕೊಬ್ಬಿನದು. ಅದರ ಹೊರಮೈಯಲ್ಲಿರುವ ಲೈಪೋಪಾಲಿಸ್ಯಾಕರೈಡ್ ನಮ್ಮ ರಕ್ತಕ್ಕೆ ಸೇರಿದರೆ ಜ್ವರ, ಬಿಪಿ ಕುಸಿತ, ಎಲ್ಲ ಶುರು.

ಮೊದಲು ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಆಮೇಲೆ ಅದನ್ನು ಹಿಡಿದಿಡುವ ಅಯೋಡಿನ್ ಒಂದು ನಿಮಿಷ. ಇಲ್ಲಿಯವರೆಗೆ ಎಲ್ಲವೂ ನೇರಳೆಯೇ. ಅಸಿಟೋನ್ ಬಿದ್ದಾಗ ಕೊಬ್ಬಿನ ಕೊಪ್ಪೆ ಕರಗುತ್ತದೆ, ತೆಳು ಪಂಚೆಯಿಂದ ಬಣ್ಣ ಸೋರಿ ಹೋಗುತ್ತದೆ. ದಪ್ಪ ಕಂಬಳಿ ನೀರಾರಿ ಮುದುಡಿಕೊಳ್ಳುತ್ತದೆ, ಬಣ್ಣ ಒಳಗೇ ಸಿಕ್ಕಿಬೀಳುತ್ತದೆ. ಆದರೆ ಜಾಸ್ತಿ ಹೊತ್ತು ಬಿಟ್ಟರೆ ಕಂಬಳಿಯೂ ಬಣ್ಣ ಬಿಡುತ್ತದೆ. ಕೊನೆಗೆ ಹಾಕುವ ಸ್ಯಾಫ್ರನಿನ್ ಅನ್ನೋ ಇನ್ನೊಂದು ಬಣ್ಣ, ನೇರಳೆ ಹೋದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. ನನಗೆ ಆಗಿದ್ದೂ ಇದೇ.

ಈಗ ನಾನು ಗಡಿಯಾರ ನೋಡುವುದಿಲ್ಲ. ಸ್ಲೈಡನ್ನು ಓರೆ ಹಿಡಿದು ಅಸಿಟೋನ್ ಸುರಿಯುತ್ತೇನೆ. ಇಳಿಯುವ ಹನಿಯಲ್ಲಿ ನೇರಳೆ ನಿಂತ ಕ್ಷಣ ನಲ್ಲಿ ನೀರು. ಹೆಚ್ಚೆಂದರೆ ಎರಡು ಮೂರು ಸೆಕೆಂಡು. ಸ್ಮಿಯರ್ (ಸ್ಲೈಡ್ ಮೇಲೆ ಹಚ್ಚಿದ ಸ್ಯಾಂಪಲ್) ದಪ್ಪ ಆದರೆ ಈ ಲೆಕ್ಕ ಕೆಡುತ್ತದೆ, ಆದ್ದರಿಂದ ತೆಳ್ಳಗೆ ಎಳೆಯಬೇಕು. ಪಕ್ಕದಲ್ಲಿ ಗೊತ್ತಿರುವ ಸ್ಟ್ಯಾಫ್ (ಸ್ಟ್ಯಾಫಿಲೋಕಾಕಸ್, ಪಾಸಿಟಿವ್) ಮತ್ತು ಈ. ಕೋಲೈ (ನೆಗೆಟಿವ್) ಬ್ಯಾಕ್ಟೀರಿಯಾ ಹಚ್ಚಿದ, ಹೋಲಿಸಿ ನೋಡುವ ಕಂಟ್ರೋಲ್ ಸ್ಲೈಡ್ ಇರಲೇಬೇಕು. ಕೀವಿನ ಸ್ಲೈಡ್ ಆದರೆ ಬಿಳಿ ರಕ್ತಕಣಗಳನ್ನೂ ನೋಡುತ್ತೇನೆ. ಅವುಗಳ ನ್ಯೂಕ್ಲಿಯಸ್ ಇನ್ನೂ ನೇರಳೆ ಇದ್ದರೆ ತೊಳೆದದ್ದು ಸಾಲದು.

ಕೈ ಪಳಗಿದ ಮೇಲೂ ಒಮ್ಮೆ ಬೇಸ್ತು ಬಿದ್ದೆ. ಬ್ಯಾಕ್ಟೀರಿಯಾ ಬೆಳೆಸುವ ನಾಲ್ಕು ದಿನದ ಹಳೇ ಪ್ಲೇಟಿನಲ್ಲಿದ್ದ, ಗ್ರಾಂ ಪಾಸಿಟಿವ್ ಆದ ಬ್ಯಾಸಿಲಸ್ ಅರ್ಧ ನೇರಳೆ, ಅರ್ಧ ಗುಲಾಬಿ ಕಂಡಿತು. ವಯಸ್ಸಾದಂತೆ ಕಂಬಳಿ ಪಿಸಿಯುತ್ತದೆ, ಬಣ್ಣ ಹಿಡಿದಿಡುವುದಿಲ್ಲ. ಇಂಥ ಅನುಮಾನ ಬಂದಾಗ ನನಗಿಷ್ಟವಾದ ಉಪಾಯ 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದರ ಒಂದು ಹನಿಗೆ ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ (ಕಾಲೊನಿ) ಹಾಕಿ ತಂತಿಯ ಲೂಪಿನಿಂದ ತಿರುವಿ ಮೇಲೆತ್ತಬೇಕು, ಪಾಕಕ್ಕೆ ಎಳೆ ಬಂತಾ ಅಂತ ನೋಡ್ತೀವಲ್ಲ, ಹಾಗೆ. ಗ್ರಾಂ ನೆಗೆಟಿವ್ ಆದರೆ ಗೋಡೆ ಒಡೆದು ಡಿಎನ್‌ಎ ಹೊರಬಂದು ಲೋಳೆಯ ಎಳೆ ಬರುತ್ತದೆ. ಪಾಸಿಟಿವ್ ಆದರೆ ಸಾಮಾನ್ಯವಾಗಿ ನೀರು ನೀರಾಗಿಯೇ ಇರುತ್ತದೆ. ಆ ಬ್ಯಾಸಿಲಸ್ಸಿಗೆ ಎಳೆ ಬರಲಿಲ್ಲ.

ಟ್ರೈನಿಂಗಿಗೆ ಬಂದ ಹುಡುಗರಿಗೆ ಮೊಟ್ಟೆಯ ಆಟವನ್ನೂ ತೋರಿಸುತ್ತೇನೆ. ಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಅನ್ನೋ ಕಿಣ್ವ ಇದೆ, ಅದು ಪೆಪ್ಟಿಡೋಗ್ಲೈಕಾನಿನ ಆ ಸಕ್ಕರೆ ಎಳೆಯನ್ನೇ ಕತ್ತರಿಸುತ್ತದೆ. ಬಿಳಿಯನ್ನು ಸಲೈನಿನಲ್ಲಿ ಕದಡಿ, ಸೋಸಿ, ಮೈಕ್ರೋಕಾಕಸ್ ಇರುವ ಒಂದು ಟ್ಯೂಬಿಗೂ ಸ್ಟ್ಯಾಫ್ ಇರುವ ಇನ್ನೊಂದಕ್ಕೂ ಹಾಕುತ್ತೇವೆ. ಎರಡೂ ಗ್ರಾಂ ಪಾಸಿಟಿವ್, ಎರಡೂ ಗುಂಡು. ಮೈಕ್ರೋಕಾಕಸ್ ಟ್ಯೂಬ್ ನೋಡನೋಡುತ್ತಲೇ ತಿಳಿಯಾಗುತ್ತದೆ. ಸ್ಟ್ಯಾಫ್ ಟ್ಯೂಬ್ ಮಾತ್ರ ಊಟ ಮುಗಿಸಿ ಬಂದರೂ ಹಾಗೇ ಮಬ್ಬಾಗಿರುತ್ತದೆ. ತನ್ನ ಎಳೆಯ ಸಕ್ಕರೆಗೆ ಅದು ಒಂದು ಅಸಿಟೈಲ್ ತುಣುಕು ಅಂಟಿಸಿಕೊಂಡಿದೆ, ಲೈಸೋಜೈಮಿನ ಕತ್ತರಿ ಅಲ್ಲಿ ಕೂರುವುದೇ ಇಲ್ಲ.