ತಂಡ ಬರುವ ಮೊದಲು ನಾನು ಹರಿದು ಹಾಕಿದ ಉತ್ತರಗಳು

ನಮ್ಮ ಶಿಕ್ಷಣ ಸಂಸ್ಥೆಗೆ ಮಾನ್ಯತೆ ಪರಿಶೀಲನೆಯ ತಂಡ ಬರಲು ಮೂರೇ ವಾರ ಇತ್ತು. ಸ್ವಯಂ ಮೌಲ್ಯಮಾಪನ ವರದಿ ಯಾವಾಗಲೋ ಹೋಗಿತ್ತು. ಆದರೆ ಬರೆದ ಐದಾರು ಜನ ಬಿಟ್ಟು ಯಾರೂ ಅದನ್ನು ಓದಿರಲಿಲ್ಲ. ಅಣಕು ಸಂದರ್ಶನದಲ್ಲಿ ಗ್ರಂಥಾಲಯದವರನ್ನು ಕೇಳಿದೆ: "ವಿದ್ಯಾರ್ಥಿಗಳ ಅಭಿಪ್ರಾಯ ತಗೊಂಡು ಏನು ಬದಲಾಯಿಸಿದಿರಿ?" ಸುಮ್ನೆ ನನ್ನ ಮುಖ ನೋಡಿದರು. ಓದುವ ಕೋಣೆಯ ಸಮಯ ಹೆಚ್ಚಿಸಿದ್ದು ಅವರೇ!

ಮೊದಲು ಎಲ್ಲರಿಗೂ ಉತ್ತರ ಬರೆದು ಕೊಟ್ಟೆ. ಗಿಳಿಪಾಠ ಒಪ್ಪಿಸಿದ ಹಾಗಾಯಿತು. ಅಂಥದ್ದು ತಂಡದವರಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಅದನ್ನು ಹರಿದು ಹಾಕಿ, ಪ್ರತಿ ವಿಭಾಗಕ್ಕೂ ವರದಿಯಲ್ಲಿ ಅವರಿಗೆ ಸಂಬಂಧಪಟ್ಟ ಒಂದೇ ಪುಟ ಕೊಟ್ಟೆ. ಪಕ್ಕದಲ್ಲಿ ಅದರ ದಾಖಲೆ ಇರುವ ಫೈಲ್ ನಂಬರ್. "ನೀವು ಮಾಡಿದ್ದನ್ನು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ" ಎಂದೆ. ವಿದ್ಯಾರ್ಥಿಗಳಿಗೂ ಅಷ್ಟೇ.

ಭೇಟಿಯ ದಿನ ಗ್ರಂಥಾಲಯದವರು ಹಳೆಯ ದೂರಿನ ಪುಸ್ತಕವನ್ನೇ ತೆರೆದು ತೋರಿಸಿದರು.