ಹೊಳಿ ಬರುವ ಹೊಲದಲ್ಲಿ ಕಬ್ಬು: ನನ್ನ ಅನುಭವ

ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ಹತ್ತಿದ ಎರೆ (ಕಪ್ಪು ಮಣ್ಣಿನ) ಹೊಲ ನಮ್ಮದು. 2005, 2019, 2021ರ ಮಹಾಪೂರಗಳಲ್ಲಿ ಮೊದಲು ಮುಳುಗಿದ್ದು ಇಂಥ ತಗ್ಗಿನ ಹೊಲಗಳೇ. ಹೊಳೆಗೆ ಒಡ್ಡು ಹಾಕುವುದು ನನ್ನಂಥ ರೈತನ ಕೈಲಾಗದ ಮಾತು. ನೀರು ಬರುವ ಹೊತ್ತಿಗೆ ಕಬ್ಬು ಎಷ್ಟು ಎತ್ತರ ಬೆಳೆದಿರಬೇಕು ಎಂಬ ಲೆಕ್ಕವಷ್ಟೇ ನನ್ನ ಕೈಯಲ್ಲಿದೆ. ನನ್ನ ಇಡೀ ಬೇಸಾಯ ನಡೆಯುವುದು ಅದರ ಮೇಲೆ.

ನಮ್ಮ ಕಡೆ ಜುಲೈ–ಆಗಸ್ಟ್‌ನಲ್ಲಿ ಆಡಸಾಲಿ, ಅಂದರೆ ಸುಮಾರು ಒಂದೂವರೆ ವರ್ಷದ ಕಬ್ಬು, ನಾಟಿ ಮಾಡುವವರು ಬಹಳ. ಇಳುವರಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಹೊಳೆಸಾಲಿಗೆ ಅದು ಹೊಂದುವುದಿಲ್ಲ, ಎಳೆ ಸಸಿಯ ಮೇಲೇ ನೀರು ನಿಲ್ಲುತ್ತದೆ. ತಗ್ಗಿನ ಹೊಲಕ್ಕೆ ನಾನು ಅಕ್ಟೋಬರ್–ನವೆಂಬರ್ ನಾಟಿಯನ್ನೇ ಹಿಡಿದಿದ್ದೇನೆ. ಆಗಸ್ಟ್ ಹೊತ್ತಿಗೆ ಕಬ್ಬು ಆಳೆತ್ತರ ದಾಟಿರುತ್ತದೆ. ಸುಳಿ (ಕಬ್ಬಿನ ತುದಿಯ ಬೆಳೆಯುವ ಮೊಳಕೆ) ನೀರಿನ ಮೇಲಿದ್ದರೆ ಬುಡ ಮುಳುಗಿದರೂ ಕಬ್ಬು ತಾಳುತ್ತದೆ, ಗಣ್ಣುಗಳಿಂದ ಬೇರು ಬಿಟ್ಟು ಜೀವ ಹಿಡಿಯುತ್ತದೆ. ಸುಳಿಯೇ ಮುಳುಗಿ ಒಳಗೆ ಕೆಸರು ಕೂತರೆ, ವಾರ ಕಳೆದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. ಬೋದು ಏರಿಸುವುದು (ಬುಡಕ್ಕೆ ಮಣ್ಣು ಕೊಡುವುದು), ಕೊನೆಯ ಗೊಬ್ಬರ ಹಾಕುವುದು ಎರಡನ್ನೂ ಜೂನ್ ಮಳೆ ಹಿಡಿಯುವುದರೊಳಗೆ ಮುಗಿಸುತ್ತೇನೆ. ತಡವಾಗಿ ಹಾಕಿದ ಯೂರಿಯಾ ಹೊಳೆಯ ಪಾಲು.

ಮಳೆಗಾಲದಲ್ಲಿ ನಾನು ನೋಡುವುದು ನಮ್ಮೂರ ಮೋಡವನ್ನಲ್ಲ, ಮಹಾರಾಷ್ಟ್ರದ ಘಟ್ಟದ ಮಳೆಯನ್ನು. ಅಲ್ಲಿಂದ ಕೃಷ್ಣೆಗೆ ನೀರು ಬಿಡುವ ಕೊಯ್ನಾ ಜಲಾಶಯ 105 ಟಿಎಂಸಿಯದು. ಅದು ತುಂಬುತ್ತ ಬಂದಾಗ ಘಟ್ಟದಲ್ಲಿ ಇನ್ನೂ ಮಳೆ ಹಿಡಿದಿದ್ದರೆ ಎಚ್ಚರವಾಗಬೇಕು. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ಉಪನದಿ ದೂಧಗಂಗೆಯಿಂದ ಎಷ್ಟು, ಎರಡೂ ಕೂಡಿ ನಮ್ಮ ತಾಲ್ಲೂಕಿನ ಕಲ್ಲೋಳ ಬ್ಯಾರೇಜಿನ ಹತ್ತಿರ ಎಷ್ಟು ಎಂಬುದು ಪೇಪರಿನಲ್ಲೂ ಮೊಬೈಲಿನಲ್ಲೂ ದಿನಾ ಬರುತ್ತದೆ. ಒಂದು ದಿನದ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದು ಮುಖ್ಯ. ಎರಡು ದಿನ ಬಿಡದೆ ಏರಿತೆಂದರೆ ದಂಡೆಯ ಮೇಲಿನ ಮೋಟಾರು, ಸ್ಟಾರ್ಟರ್, ಕೇಬಲ್ ಬಿಚ್ಚಿ ಟ್ರ್ಯಾಕ್ಟರಿಗೆ ಏರಿಸುತ್ತೇವೆ. ದನಗಳೂ ಹೊಟ್ಟೂ ಅದಕ್ಕೂ ಮೊದಲೇ ಮೇಲಿನ ಊರಿಗೆ. ನೆಂದ ಮೋಟಾರನ್ನು ರಿವೈಂಡಿಂಗ್ ಅಂಗಡಿಯಲ್ಲಿ ಒಣಗಿಸಿ ಪರೀಕ್ಷೆ ಮಾಡಿಸದೆ ಯಾರೂ ಚಾಲೂ ಮಾಡಬೇಡಿ. ಸುಡುವುದು ಮೋಟಾರಷ್ಟೇ ಅಲ್ಲ, ಜೀವವೂ ಹೋಗಬಹುದು.

ನೀರು ಇಳಿದ ಮೇಲಿನ ಕೆಲಸವೇ ದೊಡ್ಡದು. ಹಸಿ ಎರೆಯಲ್ಲಿ ಟ್ರ್ಯಾಕ್ಟರ್ ಇಳಿಸಿದರೆ ನೆಲ ಬಿಗಿದುಕೊಂಡು ಬೇರಿಗೆ ಗಾಳಿ ಸಿಗದು. ಅದಕ್ಕೇ ಮೊದಲು ಸಲಿಕೆ ಹಿಡಿದು ಬಸಿಗಾಲುವೆ ಬಿಡಿಸುತ್ತೇವೆ, ನಿಂತ ನೀರನ್ನು ಹೊರಗೆ ಹಾಕುತ್ತೇವೆ. ಆಮೇಲೆ ಹೊಲದ ಅಲ್ಲಲ್ಲಿ ಒಂದೊಂದು ಕಬ್ಬು ಕಡಿದು ಸುಳಿಯನ್ನು ಉದ್ದಕ್ಕೆ ಸೀಳಿ ನೋಡುತ್ತೇನೆ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿ ನಾತ ಹೊಡೆದರೆ ಆ ಕಬ್ಬು ಇನ್ನು ಬೆಳೆಯುವುದಿಲ್ಲ. ಜೀವ ಇದ್ದ ಕಡೆ ಬಿದ್ದ ಕಬ್ಬನ್ನು ಎತ್ತಿ ನಾಲ್ಕೈದು ಕೂಡಿಸಿ ಕಟ್ಟಿ, ನೆಲ ಆರಿದ ಮೇಲೆ ಸ್ವಲ್ಪ ಯೂರಿಯಾ, ಪೊಟ್ಯಾಷ್ ಕೊಡುತ್ತೇನೆ.

ಬೆಳೆ ಹಾನಿ ಸಮೀಕ್ಷೆಗೆ ಬಂದವರ ಎದುರಿಗೂ ಇದೇ ಕಬ್ಬು ಸೀಳುತ್ತೇನೆ. ಪರಿಹಾರ ಸಿಗಬೇಕಾದರೆ ಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಇರಬೇಕು, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಕಬ್ಬು ಹೊರಗೆ ಹಸಿರಾಗಿ ನಿಂತಿದ್ದರೂ ಒಳಗೆ ಕೊಳೆತಿರುತ್ತದೆ. ರಸ್ತೆಯ ಮೇಲೆ ನಿಂತು ನೋಡಿದವರಿಗೆ ಅದು ಕಾಣುವುದಿಲ್ಲ. ನೀರು ಇಳಿದ ಮರುದಿನವೇ ಸಮೀಕ್ಷೆ ಮುಗಿಸುವುದು ಸರಿಯಲ್ಲ ಎಂದು ನಾನು ಪ್ರತಿ ಸಲ ಹೇಳುತ್ತೇನೆ. ಸುಳಿ ಕೊಳೆತದ್ದು ಗೊತ್ತಾಗಲು ದಿನ ಹಿಡಿಯುತ್ತದೆ, ಎರಡನೇ ಸಲ ಬಂದು ನೋಡಲೇಬೇಕು. ಹೊಲ ಸ್ವಚ್ಛ ಮಾಡುವ ಮೊದಲು ಫೋಟೋ ತೆಗೆದಿಡಿ.

ಸುಳಿ ಸತ್ತ ಕಬ್ಬಿನಲ್ಲಿ ಗಣ್ಣಿನ ಕಣ್ಣುಗಳು ಒಡೆದು ಮರಿ ಬರುತ್ತವೆ. ಅಲ್ಲಿಂದ ತೂಕವೂ ಸಕ್ಕರೆಯೂ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಕಾರ್ಖಾನೆಯ ಫೀಲ್ಡ್‌ಮನ್‌ನನ್ನು ಹೊಲಕ್ಕೇ ಕರೆತಂದು ತೋರಿಸಿ, ಕಬ್ಬು ನುರಿಸುವ ಹಂಗಾಮು ಶುರುವಾದ ಕೂಡಲೇ ಮುಳುಗಿದ ಹೊಲಕ್ಕೆ ಮೊದಲು ಕಬ್ಬು ಕಡಿಯುವ ಗ್ಯಾಂಗ್ ಕೇಳುತ್ತೇನೆ. ಎತ್ತರದ ಹೊಲದ ಒಳ್ಳೆ ಕಬ್ಬು ಜನವರಿವರೆಗೆ ಕಾಯುತ್ತದೆ.